ಟ್ವಾಕಿಂಗ್ ಎಂದರೆ ಕಾರುಗಳ್ಳತನವಲ್ಲ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಅಪರಾಧ ಸುದ್ದಿಗಳಲ್ಲಿ ಬರುವ 'ಟ್ವಾಕಿಂಗ್' ಪದವನ್ನು 'ಕಾರು ಕಳವು' ಎಂದು ಕನ್ನಡಿಸುವುದು ತಪ್ಪು. ಕಳವು ಎನ್ನಲಾಗದ್ದಕ್ಕೆ ಹೆಸರು ಬೇಕಾಗಿದ್ದರಿಂದಲೇ ಆ ಪದ ಹುಟ್ಟಿದ್ದು.

'ಟೇಕಿಂಗ್ ವಿತೌಟ್ ಓನರ್ಸ್ ಕನ್ಸೆಂಟ್' (ಮಾಲೀಕನ ಒಪ್ಪಿಗೆಯಿಲ್ಲದೆ ಒಯ್ಯುವುದು) ಎಂಬ ಪೊಲೀಸ್ ಮಾತಿನ ಮೊದಲಕ್ಷರಗಳು ಸೇರಿ 'ಟ್ವಾಕ್' ಆಯಿತು. ಠಾಣೆಯ ಕಡತದಿಂದ ಬೀದಿಗಿಳಿದು ಕ್ರಿಯಾಪದವೂ ಆಯಿತು, ಮಾಡುವವನು 'ಟ್ವಾಕರ್'. ಅಲ್ಲಿನ 1968ರ ಥೆಫ್ಟ್ ಆ್ಯಕ್ಟ್ ಪ್ರಕಾರ ಕಳವು ಎನಿಸಲು, ಮಾಲೀಕನಿಗೆ ವಸ್ತು ಮತ್ತೆಂದೂ ದಕ್ಕಬಾರದೆಂಬ ಉದ್ದೇಶ ರುಜುವಾಗಬೇಕು. ರಾತ್ರಿ ನಾಲ್ಕು ರೌಂಡ್ ಹೊಡೆದು, ಪೆಟ್ರೋಲ್ ಮುಗಿದಲ್ಲಿ ಬಾಗಿಲು ಹಾರುಹೊಡೆದು ಓಡುವ ಹುಡುಗನಲ್ಲಿ ಅಂಥ ಉದ್ದೇಶ ತೋರಿಸುವುದು ಹೇಗೆ? ಅದಕ್ಕೇ 12ನೇ ಸೆಕ್ಷನ್: ಒಪ್ಪಿಗೆಯಿಲ್ಲದೆ ಒಯ್ದರೆ ಸಾಕು, ಗರಿಷ್ಠ 6 ತಿಂಗಳ ಸಜೆ. ಗೊತ್ತಿದ್ದೂ ಪಕ್ಕದಲ್ಲಿ ಹತ್ತಿ ಕೂತ ಗೆಳೆಯನೂ ತಪ್ಪಿತಸ್ಥನೇ.

ವಾಹನ ಅಷ್ಟಿಷ್ಟಾದರೂ ಕದಲಬೇಕು. ಡಿಪೋದಲ್ಲಿದ್ದ ಬಸ್ಸನ್ನು ಸ್ಟಾರ್ಟ್ ಮಾಡಲು ಹೆಣಗಿದವರ ಮೇಲಿನ 1973ರ ಮೊಕದ್ದಮೆಯಲ್ಲಿ, ಕದಲಿಸದೆ 'ಒಯ್ದಂತೆ' ಆಗದು ಎಂದು ಕೋರ್ಟ್ ಹೇಳಿತು. ದೋಣಿ, ವಿಮಾನಗಳೂ ಈ ಸೆಕ್ಷನ್‌ಗೆ ಬರುತ್ತವೆ. ಕುದುರೆ ಮಾತ್ರ ಬರುವುದಿಲ್ಲ. ಅದನ್ನೂ ಕೋರ್ಟೇ ತೀರ್ಮಾನಿಸಬೇಕಾಯಿತು!

1991ರಲ್ಲಿ ಆಕ್ಸ್‌ಫರ್ಡಿನ ಬ್ಲ್ಯಾಕ್‌ಬರ್ಡ್ ಲೀಸ್ ಬಡಾವಣೆಯಲ್ಲಿ ಇಂಥ ಕಾರುಗಳನ್ನು ಜನರೆದುರು ಗಿರಗಿರನೆ ತಿರುಗಿಸುವ 'ಹಾಟಿಂಗ್' ಗಲಭೆಗೇ ತಿರುಗಿತು. ಮರುವರ್ಷವೇ ಹೊಸ ಕಾಯ್ದೆ ಬಂತು. ಒಯ್ದ ವಾಹನದಿಂದ ಪೆಟ್ಟು, ಹಾನಿಯಾದರೆ ಶಿಕ್ಷೆ ಹೆಚ್ಚು. ಸಾವಾದರೆ ಈಗ 14 ವರ್ಷದವರೆಗೆ.

ನಮ್ಮ ಅನುವಾದ ಎಡವುವುದಕ್ಕೂ ಕಾರಣವಿದೆ. ಭಾರತದಲ್ಲಿ ಅಪ್ರಾಮಾಣಿಕ ಉದ್ದೇಶದಿಂದ ತಾತ್ಕಾಲಿಕವಾಗಿ ಒಯ್ದರೂ ಕಳವೇ. 1952ರಲ್ಲಿ ಜೋಧಪುರದಿಂದ ವಾಯುಪಡೆಯ ಹಾರ್ವರ್ಡ್ ವಿಮಾನವನ್ನು ಹೇಳದೆ ಕೇಳದೆ ಹಾರಿಸಿಕೊಂಡು ಹೋಗಿ ಪಾಕಿಸ್ತಾನದಲ್ಲಿ ಇಳಿಸಿದ ಕೆಡೆಟ್‌ನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1957ರಲ್ಲಿ ಹೀಗೆಂದೇ ತೀರ್ಪಿತ್ತಿತು. ಟ್ವಾಕಿಂಗ್‌ಗೆ ಹತ್ತಿರವಾದದ್ದು ನಮ್ಮ ಮೋಟಾರು ವಾಹನ ಕಾಯ್ದೆಯ 197ನೇ ಸೆಕ್ಷನ್: 3 ತಿಂಗಳವರೆಗೆ ಸಜೆ ಅಥವಾ, 2019ರ ತಿದ್ದುಪಡಿಯ ನಂತರ, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಆದ್ದರಿಂದ ವರದಿಯಲ್ಲಿ 'ಒಪ್ಪಿಗೆಯಿಲ್ಲದೆ ವಾಹನ ಒಯ್ದ ಆರೋಪ' ಎಂದು ಬರೆಯಿರಿ. ತಲೆಬರಹಕ್ಕೆ ಉದ್ದವೆನಿಸಿದರೆ 'ಕೇಳದೆ ಕಾರು ಒಯ್ದವನಿಗೆ ಸಜೆ' ಸಾಕು. 'ಕಳ್ಳ' ಪದ ಮಾತ್ರ ಬೇಡ. ಆ ಆರೋಪವನ್ನು ಅಲ್ಲಿನ ಪೊಲೀಸರೇ ಹೊರಿಸಿರುವುದಿಲ್ಲ.

– ಓದುಗ, ಧಾರವಾಡ