ಮಳೆಗಾಲದ ದಾಸ್ತಾನಿನಲ್ಲಿ ಬಿಪಿ ಮಾತ್ರೆಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಮಳೆಗಾಲಕ್ಕೆ ಕೊಡಗು ಜಿಲ್ಲಾಡಳಿತ ಮಾಡಿಕೊಳ್ಳುತ್ತಿರುವ ತಯಾರಿಯ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಕಾಳಜಿ ಕೇಂದ್ರ, ದೋಣಿ, ಜೆಸಿಬಿ, ಕರೆಂಟ್ ತಂತಿ ಮೇಲೆ ಒರಗಿದ ಮರ ಕಡಿಯುವುದು, ಎಲ್ಲವೂ ಪಟ್ಟಿಯಲ್ಲಿದೆ. ಬೇಕಾದದ್ದೇ. ಆದರೆ ದಿನಾ ಬಿಪಿ ಮಾತ್ರೆ ನುಂಗುವವರ ಬಗ್ಗೆ ಒಂದು ಸಾಲೂ ಕಾಣಲಿಲ್ಲ. ನಮ್ಮ ಕಡೆ ಬಿಪಿ ಇಲ್ಲದ ಮನೆ ಯಾವುದು ಅಂತ ಹುಡುಕಬೇಕು. ನಾನೂ ಮಾತ್ರೆ ತೆಗೆದುಕೊಳ್ಳುವವನೇ. ಅದಕ್ಕೇ ಈ ಪತ್ರ.

ಕೊಡಗಿನವರಿಗೆ ದಾಸ್ತಾನು ಮಾಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೇ ಮುಗಿಯುವಷ್ಟರಲ್ಲಿ ಸೌದೆ ಕೊಟ್ಟಿಗೆ ಸೇರಿರುತ್ತದೆ. ಅಕ್ಕಿ ಬಂದಿರುತ್ತದೆ. ಒಣ ಮೀನು ಒಲೆಯ ಮೇಲಿನ ಅಟ್ಟಕ್ಕೆ ಹೋಗಿರುತ್ತದೆ, ಮಾವಿನಕಾಯಿ ಉಪ್ಪುನೀರಿನ ಭರಣಿಗೆ ಇಳಿದಿರುತ್ತದೆ. ಬಿಪಿ ಮಾತ್ರೆ ಮಾತ್ರ ಒಂದು ತಿಂಗಳದ್ದು! ಸರ್ಕಾರಿ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಅಷ್ಟೇ ಕೊಡುತ್ತಾರೆ. ಅದು ಜುಲೈಯಲ್ಲಿ ಮುಗಿಯುವ ಹೊತ್ತಿಗೆ ಭಾಗಮಂಡಲದ ತ್ರಿವೇಣಿ ಸಂಗಮ ಮುಳುಗಿರುತ್ತದೆ, ನಾಪೋಕ್ಲು ಕಡೆಯ ರಸ್ತೆ ಮೇಲೆ ನೀರು ನಿಂತಿರುತ್ತದೆ. ಮೈಲುಗಟ್ಟಲೆ ಸುತ್ತಿ, ಜೀಪಿಗೆ ಬಾಡಿಗೆ ಕೊಟ್ಟು, ಪುಕ್ಕಟೆ ಮಾತ್ರೆ ತರಲು ಯಾರು ಹೋಗುತ್ತಾರೆ?

ಹೋಗುವುದಿಲ್ಲ. ಇರುವುದನ್ನೇ ದಿನ ಬಿಟ್ಟು ದಿನ ನುಂಗುತ್ತಾರೆ, ಅರ್ಧ ಮಾಡುತ್ತಾರೆ, ಇಲ್ಲವೇ ಪಕ್ಕದ ಮನೆಯಿಂದ ಸಾಲ ತರುತ್ತಾರೆ. ಕಳೆದ ಮಳೆಗಾಲದಲ್ಲಿ ನಮ್ಮ ಪಕ್ಕದ ತೋಟದ ಲೈನ್ ಮನೆಯ (ಕಾರ್ಮಿಕರ ಸಾಲುಮನೆ) ಒಬ್ಬಾಕೆ ತನ್ನ ಮಾತ್ರೆ ತೋರಿಸಿದರು. ಎಲೆ ಅಡಿಕೆ ಡಬ್ಬಿಯೊಳಗೆ, ಸುಣ್ಣದ ಡಬ್ಬಿಯ ಪಕ್ಕ, ಮಾತ್ರೆ ಪಟ್ಟಿಯನ್ನು ಕತ್ತರಿಯಿಂದ ಚೌಕ ಚೌಕವಾಗಿ ಕತ್ತರಿಸಿದ ಐದಾರು ತುಂಡು. ಹೆಸರು, ಮಿಲಿಗ್ರಾಂ, ಅವಧಿ ಮುಗಿಯುವ ತಾರೀಕು ಇದ್ದ ತುದಿ ಯಾವ ತುಂಡಿನಲ್ಲೂ ಇರಲಿಲ್ಲ. ಎರಡು ಬಿಳಿ, ಉಳಿದವು ತಿಳಿ ಗುಲಾಬಿ. ಬಿಳಿಯದು ಯಾರದ್ದು ಅಂತ ಕೇಳಿದರೆ, ಕೊನೆ ಮನೆಯವಳು ಕೊಟ್ಟಳು ಅಂದರು.

ಬಿಪಿ ಮಾತ್ರೆಗಳೆಲ್ಲ ಒಂದೇ ಅಲ್ಲ. ಆಮ್ಲೋಡಿಪಿನ್ ರಕ್ತನಾಳವನ್ನು ಸಡಿಲಿಸುತ್ತದೆ. ಟೆಲ್ಮಿಸಾರ್ಟನ್ ಕೆಲಸ ಮಾಡುವ ದಾರಿಯೇ ಬೇರೆ, ಅದನ್ನು ಗರ್ಭಿಣಿಯರಿಗೆ ಕೊಡುವಂತೆಯೇ ಇಲ್ಲ. ಅಟೆನೊಲಾಲ್, ಮೆಟೊಪ್ರೊಲಾಲ್ ಥರದವು ಹೃದಯದ ಬಡಿತ ನಿಧಾನ ಮಾಡುತ್ತವೆ. ಉಬ್ಬಸ ಇರುವವರಿಗೆ ತೊಂದರೆ ಕೊಡಬಹುದು. ಅಷ್ಟೇ ಅಲ್ಲ, ಈ ಕೊನೆಯ ಜಾತಿಯ ಮಾತ್ರೆಯನ್ನು ದಿಢೀರ್ ಅಂತ ನಿಲ್ಲಿಸಿದರೆ ಹೃದ್ರೋಗಿಗಳಿಗೆ ಎದೆನೋವು, ಹೃದಯಾಘಾತದ ಅಪಾಯವೂ ಇದೆ. ಮಾತ್ರೆ ಮುಗಿಯಿತು ಅಂತ ಒಂದು ವಾರ ಸುಮ್ನೆ ಇರುವುದು ಎಲ್ಲರಿಗೂ ಒಂದೇ ಲೆಕ್ಕ ಅಲ್ಲ.

ಇನ್ನು ನಮ್ಮ ತೇವ. ವಾರಕ್ಕಾಗುವಷ್ಟು ಮಾತ್ರೆಯನ್ನು ಬಿಡಿಸಿ ಪುಟ್ಟ ಡಬ್ಬಿಗೆ ಹಾಕಿಡುವ ಅಭ್ಯಾಸ ಹಲವರಿಗಿದೆ. ಟೆಲ್ಮಿಸಾರ್ಟನ್ ತೇವ ಹೀರಿಕೊಳ್ಳುವ ಮಾತ್ರೆ, ನುಂಗುವ ಹೊತ್ತಿಗೇ ಪಟ್ಟಿಯಿಂದ ತೆಗೆಯಬೇಕು. ಬಟ್ಟೆ ವಾರವಾದರೂ ಒಣಗದ, ಚಪ್ಪಲಿಗೆ ಬೂಷ್ಟು ಹಿಡಿಯುವ ನಮ್ಮ ಜುಲೈಯಲ್ಲಂತೂ ಇದು ನೆನಪಿರಬೇಕು.

ಮಳೆಗಾಲದಲ್ಲೇ ಬಿಪಿ ಏರುವುದಕ್ಕೆ ಕಾರಣಗಳೂ ಜಾಸ್ತಿ. ಚಳಿಗೆ ರಕ್ತನಾಳ ಬಿಗಿಯುತ್ತದೆ. ನಡಿಗೆ ನಿಲ್ಲುತ್ತದೆ, ತೋಟಕ್ಕೆ ಇಳಿದರೆ ಜಿಗಣೆಗೆ ರಕ್ತದಾನ. ಸಂಜೆ ಚಳಿ ಓಡಿಸಲು ಒಂದು ಪೆಗ್ಗು, ಅದರ ಹಿಂದೆ ಇನ್ನೊಂದು. ಎಲ್ಲಕ್ಕಿಂತ ದೊಡ್ಡದು ತಟ್ಟೆಯಲ್ಲಿರುವ ಉಪ್ಪು. ಒಣ ಮೀನು, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ, ಉಪ್ಪುನೀರಿನ ಕಣಿಲೆ (ಎಳೆ ಬಿದಿರು), ಹಂದಿಮಾಂಸದ ಉಪ್ಪಿನಕಾಯಿ, ಹಪ್ಪಳ. ತರಕಾರಿ ಸಿಗದ ಕಾಲಕ್ಕೆ ನಮ್ಮ ಹಿರಿಯರು ಕಂಡುಕೊಂಡ ದಾರಿ ಅದು. ಅವರು ದಿನವಿಡೀ ಗದ್ದೆಯಲ್ಲಿ ಬೆವರು ಸುರಿಸುತ್ತಿದ್ದರು, ನಾವು ಟಿವಿ ಮುಂದೆ ಕೂತು ಅದನ್ನೇ ತಿನ್ನುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚದ ಒಳಗೆ. ಚಮಚ ಹಿಡಿದು ಅಡುಗೆ ಮಾಡುವವರು ಯಾರಿದ್ದಾರೆ? ಅದರ ಬದಲು ಪ್ಯಾಕೆಟ್ ನೋಡಿ. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ ದಾಟಬಾರದು. ಒಂದು ಕಿಲೋ ಪ್ಯಾಕೆಟ್ ಒಂದೂವರೆ ತಿಂಗಳಿಗಿಂತ ಹೆಚ್ಚು ಬರಬೇಕು. ಅದೂ ಒಣ ಮೀನು, ಉಪ್ಪಿನಕಾಯಿ, ಬೇಕರಿ ತಿಂಡಿಯ ಉಪ್ಪು ಸೇರಿಸಿಯೇ. ಕಲ್ಲುಪ್ಪು, ಹಿಮಾಲಯದ ಗುಲಾಬಿ ಉಪ್ಪು ಅಂತ ದುಡ್ಡು ಸುರಿದು ಪ್ರಯೋಜನವಿಲ್ಲ, ಅದರಲ್ಲೂ ಇರುವುದು ಸೋಡಿಯಂ ತಾನೇ? ಸೋಡಿಯಂ ಕಡಿಮೆ ಅಂತ ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಹಲವರಿಗೆ ಅದು ಒಳ್ಳೆಯದೇ, ಆದರೆ ಕಿಡ್ನಿ ತೊಂದರೆ ಇರುವವರು, ಟೆಲ್ಮಿಸಾರ್ಟನ್ ಅಥವಾ ಎನಲಾಪ್ರಿಲ್ ಅನ್ನುವ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಹಾಗಂತ ಸಪ್ಪೆ ಗಂಜಿ ಕುಡಿದು ಕೂರಬೇಕೆಂದು ನಾನು ಹೇಳುವುದಿಲ್ಲ, ಹೇಳಿದರೆ ನಮ್ಮ ಮನೆಯಲ್ಲೇ ಯಾರೂ ಕೇಳುವುದಿಲ್ಲ. ಒಣ ಮೀನನ್ನು ಬಿಸಿನೀರಿನಲ್ಲಿ ನೆನೆಸಿ ಆ ನೀರು ಚೆಲ್ಲಿದರೆ ಉಪ್ಪು ಎಷ್ಟೋ ಇಳಿಯುತ್ತದೆ. ಉಪ್ಪುನೀರಿನ ಮಾವಿನಕಾಯಿಗೂ ಇದೇ. ಆಮೇಲೆ ಸಾರಿಗೆ ಬೇರೆ ಉಪ್ಪು ಹಾಕದಿದ್ದರಾಯಿತು. ಕಣಿಲೆ ಸಿಗುವ ಕಾಲದಲ್ಲಿ ಹಸಿಯದನ್ನೇ ನೀರು ಬದಲಿಸುತ್ತಾ ನೆನೆಸಿ ಸಾರು ಮಾಡಿದರೆ ಭರಣಿಯ ಕಡೆ ಹೋಗಬೇಕಾಗಿಲ್ಲ. ಕೆಸುವಿನ ಎಲೆ, ಅಣಬೆ, ತೋಟದ ಬಾಳೆಹಣ್ಣು ಇದ್ದೇ ಇವೆ. ನಮ್ಮ ಕಪ್ಪು ಹುಳಿರಸ ಕಾಚಂಪುಳಿಯ ಹುಳಿ, ನಮ್ಮದೇ ಕರಿಮೆಣಸಿನ ಖಾರ ಚೆನ್ನಾಗಿ ಬಿದ್ದರೆ ಉಪ್ಪು ಕಮ್ಮಿಯಾದದ್ದು ನಾಲಿಗೆಗೆ ಅಷ್ಟು ಗೊತ್ತಾಗುವುದಿಲ್ಲ. ಪಂದಿಕರಿಯಲ್ಲಿ (ಹಂದಿಮಾಂಸದ ಸಾರು) ಇದನ್ನು ಮಾಡಿ ನೋಡಿ. ಕಾಚಂಪುಳಿ ಕುಡಿದರೆ ಬಿಪಿ ಇಳಿಯುತ್ತದೆ ಅನ್ನುವ ವಾಟ್ಸಾಪ್ ವೈದ್ಯರ ಮಾತು ಮಾತ್ರ ಬೇಡ. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಖಂಡಿತ ಉಣ್ಣೋಣ, ಆವತ್ತಿನ ಮಾತ್ರೆಯನ್ನೂ ನುಂಗೋಣ.

ಮಾತ್ರೆ ಬಿಡುವುದಕ್ಕೆ ಇನ್ನೊಂದು ಕಾರಣವನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಆಮ್ಲೋಡಿಪಿನ್‌ನಿಂದ ಕೆಲವರಿಗೆ ಕಾಲಿನ ಗಿಣ್ಣು ಊದುತ್ತದೆ. ಕಿಡ್ನಿ ಹೋಯಿತು ಅಂತ ಹೆದರಿ ನಿಲ್ಲಿಸಿಬಿಡುತ್ತಾರೆ. ಎನಲಾಪ್ರಿಲ್, ರಾಮಿಪ್ರಿಲ್ ಕೆಲವರಿಗೆ ಒಣ ಕೆಮ್ಮು ತರುತ್ತವೆ. ನಮ್ಮಲ್ಲಿ ಅದಕ್ಕೆ ಮಳೆಯನ್ನು ಬೈದು ಜ್ಯೇಷ್ಠಮಧು ಅಗಿಯುತ್ತಾರೆ. ದಿನಾ ಜ್ಯೇಷ್ಠಮಧು ತಿಂದರೆ ಬಿಪಿ ಏರುತ್ತದೆ! ಮಂಡಿನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್ ಕೂಡ ಬಿಪಿ ಏರಿಸುತ್ತದೆ, ಕಿಡ್ನಿಗೂ ಒಳ್ಳೆಯದಲ್ಲ. ಊತವೋ ಕೆಮ್ಮೋ ಬಂದರೆ ಡಾಕ್ಟರ್ ಮಾತ್ರೆ ಬದಲಿಸಿ ಕೊಡುತ್ತಾರೆ. ಈ ಒಂದು ಮಾತನ್ನು ಮೊದಲ ದಿನವೇ ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಿದರೆ ಎಷ್ಟೋ ಜನ ಮಾತ್ರೆ ಬಿಡುವುದಿಲ್ಲ. ನಮ್ಮ ತೋಟಗಳಲ್ಲಿ ಆ ಭಾಷೆ ತಮಿಳು, ಮಲಯಾಳ, ಎರವ, ಈಗ ಅಸ್ಸಾಮಿಯೂ ಆಗಿರಬಹುದು.

ಅಳೆಯುವುದರಲ್ಲೂ ಅವಸರ. ಮಳೆಯಲ್ಲಿ ಏರು ಹತ್ತಿ, ಏದುಸಿರು ಬಿಡುತ್ತಾ ಬಂದವರ ಸ್ವೆಟರ್ ಮೇಲೇ ಪಟ್ಟಿ ಸುತ್ತುವುದನ್ನು ನೋಡಿದ್ದೇನೆ. ಅಂಕಿ ಸರಿಯಾಗಿ ಬರುವುದಾದರೂ ಹೇಗೆ? ತೋಳು ಬರಿದಾಗಿರಬೇಕು, ಐದು ನಿಮಿಷ ಕೂತಿರಬೇಕು, ಅರ್ಧ ಗಂಟೆಯೊಳಗೆ ಕಾಫಿ ಕುಡಿದಿರಬಾರದು. ಕಾಫಿಯ ನಾಡಿನಲ್ಲಿ ಕೊನೆಯದು ಕಷ್ಟ, ಗೊತ್ತು. ಹೀಗೆ ಅಳೆದಾಗಲೂ ಬೇರೆ ಬೇರೆ ದಿನ 140/90 ಅಥವಾ ಅದಕ್ಕಿಂತ ಮೇಲೆ ಬಂದರೆ ಅದು ಬಿಪಿಯೇ. ತಲೆ ಸುತ್ತಲಿಲ್ಲ, ನೋವಿಲ್ಲ ಅಂತ ವಾದ ಮಾಡುವ ಹಾಗಿಲ್ಲ. 180/120 ದಾಟಿ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು ಕಂಡರೆ ಕಾಯದೆ 108ಕ್ಕೆ ಕರೆ ಮಾಡಬೇಕು.

ಆರೋಗ್ಯ ಇಲಾಖೆಯಲ್ಲಿ ನನ್ನ ಕೇಳಿಕೆ ದೊಡ್ಡದಲ್ಲ. ಬಿಪಿ ಹತೋಟಿಯಲ್ಲಿ ಇರುವವರಿಗೆ ಮೇ ತಿಂಗಳಲ್ಲೇ ಮೂರು ತಿಂಗಳ ಮಾತ್ರೆ ಕೈಗೆ ಕೊಡಿ. ಹತೋಟಿಗೆ ಬಾರದವರನ್ನು ಮಳೆಗೆ ಮುಂಚೆಯೇ ಕರೆಸಿ ನೋಡಿ. ಯಾವ ಊರಿನ ದಾರಿ ಯಾವಾಗ ಕಡಿಯುತ್ತದೆ ಅನ್ನುವುದು ಆಶಾ ಕಾರ್ಯಕರ್ತೆಯರಿಗೆ ಬಾಯಿಪಾಠ. ಆ ಊರುಗಳಿಂದಲೇ ಶುರು ಮಾಡಬಹುದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಜನ ಉಟ್ಟ ಬಟ್ಟೆಯಲ್ಲಿ ಬಂದರು, ಚೀಟಿ, ಮಾತ್ರೆ ಎಲ್ಲ ಅಲ್ಲೇ ಉಳಿಯಿತು. ಹಾಗಾಗಿ ಕಾಳಜಿ ಕೇಂದ್ರದಲ್ಲಿ ಬಿಪಿ ಮಿಷನ್ನೂ ಸಾಮಾನ್ಯ ಮಾತ್ರೆಗಳೂ ಇರಲಿ. ಅಲ್ಲಿನ ಊಟಕ್ಕೆ ಉಪ್ಪಿನಕಾಯಿ ಪೊಟ್ಟಣದ ಜೊತೆ ಒಂದು ಬಾಳೆಹಣ್ಣು ಕೊಟ್ಟರೂ ಸಾಕು.

ತೋಟದ ಮಾಲೀಕರಿಗೂ ಒಂದು ಮಾತು. ಲೈನ್ ಮನೆಯವರು ಮಾತ್ರೆಗಾಗಿ ಅರ್ಧ ದಿನ ಹೋದರೆ ಕೂಲಿ ಹಿಡಿಯಬೇಡಿ. ಹೇಗೂ ನಿಮ್ಮ ಜೀಪು ಸಂತೆಗೆ ಹೋಗುತ್ತದೆ, ಅವರನ್ನೂ ಹತ್ತಿಸಿಕೊಳ್ಳಿ. ಮಾತ್ರೆಯ ಹೆಸರು ಮತ್ತು ಮಿಲಿಗ್ರಾಂ ಬರೆದ ಒಂದು ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅವರ ಕೈಗೆ ಕೊಡಿ. ಮೊಬೈಲಿನಲ್ಲಿ ಫೋಟೋ ಇದೆ ಅಂದರೆ ಸಾಲದು, ಮೂರು ದಿನ ಕರೆಂಟ್ ಹೋದರೆ ಮೊಬೈಲೂ ಸತ್ತಿರುತ್ತದೆ.

ಇಲಾಖೆಯ ಆದೇಶ ಮೇ ಮೊದಲ ವಾರದೊಳಗೆ ಬಂದರೆ ಮಾತ್ರ ಇದೆಲ್ಲ ಆಗುತ್ತದೆ. ಅದನ್ನು ನಿಮ್ಮ ಪತ್ರಿಕೆ ವಿಚಾರಿಸಿ ಬರೆಯಬೇಕೆಂದು ಕೋರುತ್ತೇನೆ.

ಇತಿ,
ಒಬ್ಬ ಕಾಫಿ ಬೆಳೆಗಾರ, ನಾಪೋಕ್ಲು