ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದ ಅಕ್ಕನಿಗೆ

ಸಾಗರದಿಂದ ಉಮ್ರಾಕ್ಕೆ, ಅಂದರೆ ಮಕ್ಕಾ ಯಾತ್ರೆಗೆ, ಹೊರಟಿದ್ದ ಅಮ್ಮಿಗೆ ಅಸರ್ ನಮಾಜಿನ ಹೊತ್ತಾಗಿತ್ತು. ಮಂಡಿನೋವು ಬೇರೆ. ನಮಾಜಿಗೆ ಮುಂಚೆ ಕೈ, ಮುಖ, ಕಾಲು ತೊಳೆಯುವ ವುಜೂ ಮಾಡಲು ಸಿಂಕಿಗೆ ಕಾಲೆತ್ತಲು ಆಗುವುದಿಲ್ಲ. ಕ್ಲೀನಿಂಗ್ ಕೆಲಸದ ಅಕ್ಕ, ನೀವೇ ಕುರ್ಚಿ ತಂದಿರಿ. ಬಾಟಲಿಯಿಂದ ಕಾಲಿಗೆ ನೀರು ಹಾಕಿದಿರಿ, ಒದ್ದೆಯಾದ ನೆಲವನ್ನೂ ಒರೆಸಿದಿರಿ. ಅಷ್ಟಾದರೂ ಮುಖದಲ್ಲಿ ಸಿಡುಕಿಲ್ಲ!

ಶಿವಮೊಗ್ಗದಿಂದ ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ಮಕ್ಕಾದ ದಿಕ್ಕು, ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿದ ಹಾಗೆ. ನನ್ನ ಮೊಬೈಲಿನ ದಿಕ್ಸೂಚಿ ಸುಮ್ನೆ ಗಿರಗಿರ ತಿರುಗುತ್ತಿತ್ತು. "ಸಂಜೆ ಬಿಸಿಲು ಈ ಗಾಜಿಗೇ ಹೊಡೆಯೋದು, ದಿನಾ ಒರೆಸೋಳು ನಾನಲ್ವಾ" ಅಂದಿರಿ. ಪಶ್ಚಿಮ ಯಾವ ಕಡೆ ಅಂತ ಗೊತ್ತಾಯ್ತು.

ಪ್ರಯಾಣದಲ್ಲಿ ಈ ನಮಾಜಿನ ನಾಲ್ಕು ರಕಾತ್ (ಸುತ್ತು) ಎರಡಾಗುತ್ತೆ, ಹಾಗಾಗಿ ಬೇಗ ಮುಗಿಯಿತು. ಹೆಸರು ಕೇಳೋಣ ಅನ್ನುವಷ್ಟರಲ್ಲಿ ಬೋರ್ಡಿಂಗ್‌ಗೆ ಕರೆದರು. ಅಮ್ಮಿ ಮಕ್ಕಾದಲ್ಲಿ 'ಸೋಗಾನೆಯ ಆ ಮಗಳು' ಅಂತಲೇ ದುವಾ ಮಾಡಿದ್ದಾರೆ. ತುಂಬಾ ಥ್ಯಾಂಕ್ಸ್ ಅಕ್ಕ.