ಟೈಪ್-ಸಿ ಪೋರ್ಟಿಗೂ ನೇಮ್ ಪ್ಲೇಟ್ ಇರಲಿ

ಸಂಪಾದಕರಿಗೆ ನಮಸ್ಕಾರ.

ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಬಗ್ಗೆ ಬಂದ ಬರಹ ಓದಿದೆ. ಹಳೇ ಲ್ಯಾಪ್‌ಟಾಪ್ ಇದ್ದವರು ಪರದೆಯ ಚಿತ್ರ ತಯಾರಿಸುವ ಡೆಸ್ಕ್‌ಟಾಪಿನ ಗ್ರಾಫಿಕ್ಸ್ ಕಾರ್ಡನ್ನು ಹೊರಗಿನಿಂದ ಜೋಡಿಸಿಕೊಂಡರೆ ಸಾಕು, ಹೊಸದು ಕೊಳ್ಳೋದೇ ಬೇಡ ಅಂತ ಕೊನೆಯಲ್ಲಿ ಎರಡು ಸಾಲು ಇತ್ತು. ಆ ಎರಡು ಸಾಲು ಸುಳ್ಳಲ್ಲ. ಆದರೆ ಅದನ್ನು ನಂಬಿ ಅಂಗಡಿಗೆ ಹೋದವರು ಎಲ್ಲಿ ಎಡವುತ್ತಾರೆ ಅಂತ ನನಗೆ ಗೊತ್ತು, ಯಾಕಂದ್ರೆ ನಾನೇ ಎಡವಿದ್ದೇನೆ.

ನಾನು ಗೇಮ್ ಆಡುವವನಲ್ಲ. ತುಮಕೂರಿನ ಗುಬ್ಬಿ ಗೇಟ್ ಹತ್ತಿರ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟು 22 ವರ್ಷ ಆಯಿತು. ಸುಟ್ಟ ಪಂಪ್‌ಸೆಟ್ ಬಿಚ್ಚೋದು, ತಾಮ್ರದ ತಂತಿ ಸುತ್ತೋದು, ವಾರ್ನಿಷ್ ಹಾಕಿ ಒಣಗಿಸೋದು, ಇಷ್ಟೇ ನನ್ನ ವಿದ್ಯೆ. ಮಗ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ. ಅವನ ಹತ್ತಿರ ಇರೋದು ನನ್ನ ತಂಗಿ ಮಗ ಬಳಸಿ ಕೊಟ್ಟ 2018ರ ಲ್ಯಾಪ್‌ಟಾಪ್. ಪ್ರೊಸೆಸರ್ ಐ5, ಎಂಟನೇ ಪೀಳಿಗೆ. ಓದಿಗೆ ಚೆನ್ನಾಗಿಯೇ ಇದೆ. ಆಟಕ್ಕೆ ಮಾತ್ರ ಆಗಲ್ಲ, ಕಾರು ಓಡಿಸುವ ಆಟ ಹಾಕಿದರೆ ಸೆಕೆಂಡಿಗೆ 18, 20 ಚಿತ್ರ ಬರುತ್ತಿತ್ತು, ಕಾರು ತಿರುವಿನಲ್ಲಿ ಹಾರಿ ಹಾರಿ ಹೋಗುತ್ತಿತ್ತು. ಹೊಸ ಗೇಮಿಂಗ್ ಲ್ಯಾಪ್‌ಟಾಪ್ ಕೇಳಿದ. ವಿಚಾರಿಸಿದರೆ 80 ಸಾವಿರದ ಮಾತು. ಈ ವರ್ಷ ಆಗಲ್ಲ ಕಣಪ್ಪಾ ಅಂದೆ. ಆಗ ಅವನೇ ಹುಡುಕಿ ತಂದ ಉಪಾಯ ಈ ಹೊರಗಿನ ಕಾರ್ಡು.

ಮೊದಲು ಹೋಗಿದ್ದು ಬೆಂಗಳೂರಿನ ಒಂದು ಅಂಗಡಿಗೆ. ಹೆಸರು ಬೇಡ. ಕಾರ್ಡನ್ನು ಒಳಗಿಟ್ಟು ಲ್ಯಾಪ್‌ಟಾಪಿಗೆ ಒಂದೇ ಕೇಬಲ್ ಚುಚ್ಚುವಂಥ ಡಬ್ಬಿ ಬರುತ್ತದಲ್ಲ, ಸೆಕೆಂಡ್ ಹ್ಯಾಂಡ್ ಮಾಲು, 14 ಸಾವಿರ ಹೇಳಿದರು. ನಮ್ಮ ಲ್ಯಾಪ್‌ಟಾಪಿಗೆ ಆಗುತ್ತಾ ಅಂತ ಮಗ ಮೂರು ಸಲ ಕೇಳಿದ. ಕೌಂಟರಿನಲ್ಲಿದ್ದ ಹುಡುಗ ಲ್ಯಾಪ್‌ಟಾಪ್ ಪಕ್ಕಕ್ಕೆ ತಿರುಗಿಸಿ ನೋಡಿ, "ಟೈಪ್-ಸಿ ಇದೆ ಅಲ್ವಾ ಅಣ್ಣ, ಆಗುತ್ತೆ ಬಿಡಿ" ಅಂದ. ದುಡ್ಡು ಕೊಟ್ಟು ತುಮಕೂರಿಗೆ ಬಂದೆವು. ಕೇಬಲ್ ಚುಚ್ಚಿದರೆ ಲ್ಯಾಪ್‌ಟಾಪಿಗೆ ಏನೋ ಬಂದಿದೆ ಅನ್ನೋ ಸುಳಿವೇ ಇಲ್ಲ. ಎರಡು ರಾತ್ರಿ ಮಗ ಡ್ರೈವರ್ ಸಾಫ್ಟ್‌ವೇರ್ ಹಾಕಿ ತೆಗೆದು ಹಾಕಿ ತೆಗೆದು ಸುಸ್ತಾದ. ಆಮೇಲೆ ಗೊತ್ತಾಯಿತು, ಆ ಡಬ್ಬಿಗೆ ಬೇಕಾಗಿದ್ದು ಥಂಡರ್‌ಬೋಲ್ಟ್ 3 ಅನ್ನೋ ಹೆಚ್ಚು ವೇಗದ ಸಂಪರ್ಕ. ನಮ್ಮದು ಬರೀ ಯುಎಸ್‌ಬಿ.

ಇಲ್ಲೇ ಇರೋದು ನನ್ನ ತಕರಾರು. ಟೈಪ್-ಸಿ ಅನ್ನೋದು ತೂತಿನ ಆಕಾರದ ಹೆಸರು, ಅಷ್ಟೇ. ಅದರ ಹಿಂದೆ ಏನಿದೆ ಅಂತ ಆಕಾರ ಹೇಳಲ್ಲ. ಒಂದರಲ್ಲಿ ಸೆಕೆಂಡಿಗೆ 480 ಮೆಗಾಬಿಟ್‌ನ ಹಳೇ ಯುಎಸ್‌ಬಿ 2 ಇರಬಹುದು, ಅದೇ ಅಳತೆಯ ಇನ್ನೊಂದರಲ್ಲಿ 40 ಗಿಗಾಬಿಟ್‌ನ ಥಂಡರ್‌ಬೋಲ್ಟ್ ಇರಬಹುದು. ಒಂದು ಚಾರ್ಜ್ ತೆಗೆದುಕೊಳ್ಳುತ್ತೆ, ಇನ್ನೊಂದು ತೆಗೆದುಕೊಳ್ಳಲ್ಲ. ಒಂದರಿಂದ ಮಾನಿಟರ್ ನಡೆಯುತ್ತೆ, ಇನ್ನೊಂದರಿಂದ ಇಲ್ಲ. ಥಂಡರ್‌ಬೋಲ್ಟ್ ಇದ್ದರೆ ಪಕ್ಕದಲ್ಲಿ ಸಣ್ಣ ಮಿಂಚಿನ ಗುರುತು ಇರುತ್ತದೆ ಅಂತಾರೆ, ಅದನ್ನೂ ಎಲ್ಲ ಕಂಪನಿಯವರೂ ಹಾಕಲ್ಲ. ಡಬ್ಬಿ ವಾಪಸ್ ತೆಗೆದುಕೊಂಡು ಹೋದಾಗ, ಬಿಚ್ಚಿದ ಮಾಲು ಅಂತ ಹೇಳಿ 3 ಸಾವಿರ ಮುರಿದುಕೊಂಡು ಉಳಿದದ್ದು ಕೊಟ್ಟರು. ರೈಲು ಚಾರ್ಜು, ಊಟ, ಎರಡು ದಿನ ಅಂಗಡಿ ಬಾಗಿಲು ಹಾಕಿದ್ದು ಬೇರೆ.

ಮಗ ಸುಮ್ಮನಾಗಲಿಲ್ಲ. ಲ್ಯಾಪ್‌ಟಾಪಿನ ಒಳಗೆ ವಿಂಡೋಸ್, ಫೈಲು ಎಲ್ಲ ಇರುವ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಇದೆಯಲ್ಲ, ಅದೂ ಗ್ರಾಫಿಕ್ಸ್ ಕಾರ್ಡು ಬಳಸುವ ಪಿಸಿಐ ಎಕ್ಸ್‌ಪ್ರೆಸ್ ದಾರಿಯೇ ಅಪ್ಪಾ, ಅಲ್ಲಿಂದ ತಂತಿ ಎಳೆಯಬಹುದು ಅಂದ. ಎಳೆಯುವ ಮಾತು ಬಂದ ಮೇಲೆ ನನಗೂ ಆಸಕ್ತಿ ಹುಟ್ಟಿತು. ಕಾರ್ಡು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಕ್ಕಿತು, ಜಿಟಿಎಕ್ಸ್ 1060, 6 ಜಿಬಿ, 7 ಸಾವಿರ. ಸ್ಲಾಟಿಗೂ ಕಾರ್ಡಿಗೂ ನಡುವೆ ಜೋಡಿಸಲು ಆನ್‌ಲೈನಿನಲ್ಲಿ ತರಿಸಿದ ಚೀನಾ ಅಡಾಪ್ಟರ್ 4 ಸಾವಿರ. ಕಾರ್ಡಿಗೆ ಕರೆಂಟ್ ಕೊಡುವ ಪೆಟ್ಟಿಗೆ, ಅಂದರೆ 450 ವಾಟಿನ ಎಸ್‌ಎಂಪಿಎಸ್, 2,500. ಹಳೇ 22 ಇಂಚಿನ ಮಾನಿಟರ್ 3,500. ಎಂ.2 ಜಾಗ ಕಾರ್ಡಿಗೆ ಹೋಯಿತಲ್ಲ, ಅದಕ್ಕೆ ವಿಂಡೋಸ್ ಹಾಕಿಕೊಳ್ಳಲು ಬೇರೆ ಜಾಗದಲ್ಲಿ ಕೂರುವ ಸಾಟಾ ಎಸ್‌ಎಸ್‌ಡಿ 1,500. ಒಟ್ಟು 18,500. ಮೊದಲು ಕಳೆದ 3 ಸಾವಿರ ಇದರಲ್ಲಿ ಸೇರಿಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಸೆಕೆಂಡ್ ಹ್ಯಾಂಡ್ ಕಾರ್ಡು ತೆಗೆದುಕೊಳ್ಳುವವರಿಗೆ ಒಂದು ಮಾತು. ಈಥೀರಿಯಂ ಅನ್ನೋ ಡಿಜಿಟಲ್ ನಾಣ್ಯವನ್ನು ಕಾರ್ಡುಗಳಿಂದ ಗಣಿ ತೋಡಿದ ಹಾಗೆ ತೆಗೆಯುತ್ತಿದ್ದರಂತೆ. 2022ರ ಸೆಪ್ಟೆಂಬರಿನಲ್ಲಿ ಅದರ ಪದ್ಧತಿಯೇ ಬದಲಾಯಿತು, ಆ ಕೆಲಸಕ್ಕೆ ಕಾರ್ಡು ಬೇಡವಾಯಿತು, ಹಗಲು ರಾತ್ರಿ ದುಡಿದ ಕಾರ್ಡುಗಳೆಲ್ಲ ಮಾರುಕಟ್ಟೆಗೆ ಬಂದವು. ದುಡಿದಿದೆ ಅಂತ ಬಿಡಬೇಕಾಗಿಲ್ಲ. ಹತ್ತು ವರ್ಷ ಓಡಿದ ಮೋಟಾರೂ ಚೆನ್ನಾಗಿರುತ್ತೆ. ಫ್ಯಾನನ್ನು ಬೆರಳಲ್ಲಿ ತಿರುಗಿಸಿ ಬೇರಿಂಗ್ ಅಲ್ಲಾಡುತ್ತಾ ನೋಡಿ, ಮೂಗಿನ ಹತ್ತಿರ ಹಿಡಿದು ಸುಟ್ಟ ವಾಸನೆ ಇದೆಯಾ ನೋಡಿ, ಅಂಗಡಿಯಲ್ಲೇ ಒಂದು ಇಪ್ಪತ್ತು ನಿಮಿಷ ಪೂರ್ತಿ ಲೋಡ್ ಕೊಟ್ಟು ಓಡಿಸಿ ತೋರಿಸಿ ಅನ್ನಿ. ಒಪ್ಪದವನ ಹತ್ತಿರ ತೆಗೆದುಕೊಳ್ಳಬೇಡಿ. ನಾನು ವಾಸನೆ ನೋಡಿದಾಗ ಮಗನಿಗೆ ನಾಚಿಕೆ ಆಯಿತು, ಅಂಗಡಿಯವನು ಮಾತ್ರ ನಗಲಿಲ್ಲ.

ಜೋಡಿಸಿದ್ದು ನನ್ನ ಅಂಗಡಿ ಬೆಂಚಿನ ಮೇಲೆ. ಮೊದಲು ಎಸ್‌ಎಂಪಿಎಸ್ ಒಂದನ್ನೇ ಪರೀಕ್ಷೆ ಮಾಡಿದೆವು. ಪ್ಲಗ್ ಕಿತ್ತು ಪಕ್ಕಕ್ಕಿಟ್ಟು, 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ತಂತಿಗೂ ಒಂದು ಕಪ್ಪು ತಂತಿಗೂ ಜೆಮ್ ಕ್ಲಿಪ್ ಬಗ್ಗಿಸಿ ಕೊಟ್ಟು, ಆಮೇಲೆ ಪ್ಲಗ್ ಹಾಕಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗಿತು. ಹಳದಿ ತಂತಿಗೆ ಮೀಟರ್ ಇಟ್ಟೆ, 12.1 ವೋಲ್ಟ್. ಸರಿ ಇದೆ. ಲ್ಯಾಪ್‌ಟಾಪಿನ ಕೆಳಗಿನ ಮುಚ್ಚಳದಲ್ಲಿ ಹ್ಯಾಕ್ಸಾ ಬ್ಲೇಡಿನಿಂದ ಒಂದು ಸೀಳು ಕೊಯ್ದು ಕೇಬಲ್ ಹೊರಗೆ ತಂದೆವು, ವೈಂಡಿಂಗಿಗೆ ಇಟ್ಟಿದ್ದ ಬಿದಿರಿನ ಕಡ್ಡಿ ನಾಲ್ಕು ಕೆಳಗೆ ಕೊಟ್ಟು ಲ್ಯಾಪ್‌ಟಾಪ್ ಎತ್ತರಿಸಿದೆವು. ಮೊದಲ ಸಲ ಕಾರ್ಡು ಕಾಣಲೇ ಇಲ್ಲ. ಎರಡನೇ ಸಲವೂ ಇಲ್ಲ. ಲ್ಯಾಪ್‌ಟಾಪ್ ಮೊದಲು ಆನ್ ಮಾಡುತ್ತಿದ್ದೆವು, ಅದೇ ತಪ್ಪು. ಎಸ್‌ಎಂಪಿಎಸ್ ಮೊದಲು, ಲ್ಯಾಪ್‌ಟಾಪ್ ಆಮೇಲೆ. ಮೂರನೇ ಸಲ ಪರದೆಯ ಮೂಲೆಯಲ್ಲಿ ಕಾರ್ಡಿನ ಹೆಸರು ಬಂದಾಗ ಮಗ ಕೂಗಿದ ಕೂಗಿಗೆ ಎದುರಿನ ಪಂಕ್ಚರ್ ಅಂಗಡಿಯವರು ಶಾಕ್ ಹೊಡೆಯಿತೇನೋ ಅಂತ ಓಡಿ ಬಂದರು.

ಅದೇ ಕಾರು ಆಟ ಈಗ ಮಾನಿಟರಿನಲ್ಲಿ ಸೆಕೆಂಡಿಗೆ 60 ಚಿತ್ರದ ಆಸುಪಾಸು ನಡೆಯುತ್ತದೆ. ಆದರೆ ಲ್ಯಾಪ್‌ಟಾಪಿನ ಸ್ವಂತ ಪರದೆಯಲ್ಲೇ ಆಡಿದರೆ 46ಕ್ಕೆ ಇಳಿಯುತ್ತದೆ. ಇದು ಯಾಕೆ ಅಂತ ಮಗ ವಿವರಿಸಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಬೋರ್‌ವೆಲ್‌ನಲ್ಲಿ ಮೂರು ಇಂಚು ನೀರಿದ್ದರೂ ಮುಕ್ಕಾಲು ಇಂಚಿನ ಪೈಪ್ ಎಳೆದರೆ ತೋಟಕ್ಕೆ ಬರೋದು ಮುಕ್ಕಾಲು ಇಂಚೇ. ಕಾರ್ಡು ಬೋರು, ಕೇಬಲ್ಲು ಪೈಪು. ಡೆಸ್ಕ್‌ಟಾಪಿನಲ್ಲಿ ಈ ಕಾರ್ಡಿಗೆ 16 ಲೇನ್, ಅಂದರೆ ಮಾಹಿತಿ ಹರಿಯುವ ದಾರಿ, ಇರುತ್ತವೆ, ಸೆಕೆಂಡಿಗೆ ಸುಮಾರು 16 ಗಿಗಾಬೈಟ್ ಹೋಗುವಷ್ಟು ಅಗಲ. ನಮ್ಮ ಎಂ.2 ಸ್ಲಾಟಿನಲ್ಲಿ 4 ಲೇನ್, ಸುಮಾರು 4 ಗಿಗಾಬೈಟ್. ಥಂಡರ್‌ಬೋಲ್ಟ್ 3 ಅಂದರೆ 40 ಗಿಗಾಬಿಟ್ ಅಂತ ಬೋರ್ಡ್ ಹಾಕುತ್ತಾರೆ, ಅದರಲ್ಲಿ ಕಾರ್ಡಿನ ಪಾಲಿಗೆ ಸಿಗೋದು 22ರ ಆಸುಪಾಸು, ಅಂದರೆ 3 ಗಿಗಾಬೈಟಿಗೂ ಕಡಿಮೆ. ಹಳೇ ಲ್ಯಾಪ್‌ಟಾಪುಗಳ ವೈ-ಫೈ ಸ್ಲಾಟಿನಿಂದ ಎಳೆದರೆ ಒಂದೇ ಲೇನು, ಅರ್ಧ ಗಿಗಾಬೈಟು. ಮಾನಿಟರನ್ನು ಕಾರ್ಡಿಗೇ ಸಿಕ್ಕಿಸಿದರೆ ಚಿತ್ರ ಅಲ್ಲಿಂದಲೇ ಹೊರಗೆ ಹೋಗುತ್ತೆ. ಲ್ಯಾಪ್‌ಟಾಪಿನ ಪರದೆಗೆ ಬೇಕು ಅಂದರೆ ತಯಾರಾದ ಚಿತ್ರ ಅದೇ ಸಣ್ಣ ಪೈಪಿನಲ್ಲಿ ವಾಪಸ್ ಬರಬೇಕು. ಅಲ್ಲಿ 14 ಚಿತ್ರ ಸೋರಿ ಹೋಗುತ್ತೆ. ಹಾಗಾಗಿ ಮಾನಿಟರ್ ದಂಡದ ಖರ್ಚಲ್ಲ.

ಇದೇ ಕಾರ್ಡನ್ನು ಮಗನ ಸ್ನೇಹಿತನ ಡೆಸ್ಕ್‌ಟಾಪಿಗೆ ಹಾಕಿ ನೋಡಿದಾಗ 74 ಬಂತು. ಎಲ್ಲ ತಪ್ಪೂ ಪೈಪಿನದೇ ಅಲ್ಲ. ನಮ್ಮ ಲ್ಯಾಪ್‌ಟಾಪಿನ ಪ್ರೊಸೆಸರ್ 15 ವಾಟಿನದು, ಬಿಸಿ ಆದ ತಕ್ಷಣ ತಾನೇ ನಿಧಾನ ಆಗುತ್ತೆ. ಇಂಥದಕ್ಕೆ 40 ಸಾವಿರದ ಕಾರ್ಡು ತಂದು ಕಟ್ಟುವವರೂ ಇದ್ದಾರಂತೆ. ಕುರಿ ದೊಡ್ಡಿಗೆ ಆನೆ ತಂದ ಹಾಗೆ.

ಕಂಪನಿಗಳ ಆಟ ಬೇರೆ ಇದೆ. ಸ್ನೇಹಿತನ ಇನ್ನೊಂದು ಹಳೇ ಲ್ಯಾಪ್‌ಟಾಪಿನಲ್ಲಿ ವೈ-ಫೈ ಸ್ಲಾಟಿನಿಂದ ಪ್ರಯತ್ನ ಮಾಡಿದರು, ಅದು ಶುರುವೇ ಆಗಲಿಲ್ಲ. ತಾನು ಒಪ್ಪಿದ ವೈ-ಫೈ ಕಾರ್ಡುಗಳ ಪಟ್ಟಿಯನ್ನು ಕಂಪನಿ ಲ್ಯಾಪ್‌ಟಾಪ್ ಶುರು ಮಾಡುವ ಬಯಾಸ್ ಅನ್ನೋ ಪ್ರೋಗ್ರಾಂ ಒಳಗೇ ಇಟ್ಟಿದೆ, ಪಟ್ಟಿಯಲ್ಲಿ ಇಲ್ಲದ್ದು ಬಂದರೆ ಬಾಗಿಲು ಹಾಕಿಕೊಳ್ಳುತ್ತೆ. ದುಡ್ಡು ಕೊಟ್ಟು ಕೊಂಡ ಮೇಲೆ ಸ್ಲಾಟ್ ನಮ್ಮದಲ್ವಾ? ಆಪಲ್‌ನವರು 2018ರಲ್ಲಿ ಮ್ಯಾಕ್‌ಗಳಿಗೆ ಹೊರಗಿನ ಕಾರ್ಡಿನ ಬೆಂಬಲ ಕೊಟ್ಟು, 2020ರಿಂದ ಬಂದ ತಮ್ಮದೇ ಚಿಪ್ಪಿನ ಮ್ಯಾಕ್‌ಗಳಲ್ಲಿ ಅದನ್ನು ಬಿಟ್ಟೇಬಿಟ್ಟರು. ಡಬ್ಬಿ ಕೊಂಡಿದ್ದವರು ಹೊಸ ಮ್ಯಾಕ್ ತೆಗೆದುಕೊಂಡರೆ ಡಬ್ಬಿ ಮೂಲೆಗೆ.

ಕರೆಂಟಿನ ವಿಷಯ ಹೇಳದಿದ್ದರೆ ನಾನು ವೈಂಡರ್ ಅಲ್ಲ. ಲ್ಯಾಪ್‌ಟಾಪಿನ ದೊಡ್ಡ ಸುಖ ಅಂದ್ರೆ ಕರೆಂಟ್ ಹೋದರೂ ಬ್ಯಾಟರಿ ಇರುತ್ತೆ. ಈ ಜೋಡಣೆಯಲ್ಲಿ ಆ ಸುಖ ಹೋಯಿತು. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬದುಕಿರುತ್ತೆ, ಕಾರ್ಡು ಸಾಯುತ್ತೆ, ಕಾರ್ಡು ಸತ್ತದ್ದನ್ನು ಕಂಡು ವಿಂಡೋಸ್ ಹಾಗೇ ಕಲ್ಲಾಗಿ ನಿಲ್ಲುತ್ತೆ. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ, ನಮ್ಮ ಬೀದಿಯಲ್ಲಿ ಸಂಜೆ ಏಳಕ್ಕೆ ಕಣ್ಣುಮುಚ್ಚಾಲೆ. ಈ ಕಾರ್ಡು ಒಂದೇ 120 ವಾಟ್ ಎಳೆಯುತ್ತೆ, ಯುಪಿಎಸ್ ತೆಗೆದುಕೊಳ್ಳುವವರು ಆ ಲೆಕ್ಕ ಹಾಕಿಕೊಳ್ಳಿ. ಇನ್ನು ಅರ್ಥಿಂಗ್. ದಯವಿಟ್ಟು ಮೂರನೇ ಪಿನ್ ಮುರಿದು ಎರಡು ಪಿನ್ನಿನಲ್ಲಿ ನಡೆಸಬೇಡಿ. ಲ್ಯಾಪ್‌ಟಾಪ್ ಮುಟ್ಟಿದರೆ ಜುಂ ಅನ್ನೋದು ಇದರಿಂದಲೇ. ಎಸ್‌ಎಂಪಿಎಸ್ ಮತ್ತು ಲ್ಯಾಪ್‌ಟಾಪಿನ ಅಡಾಪ್ಟರ್ ಎರಡನ್ನೂ ಅರ್ಥಿಂಗ್ ಇರುವ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಬರೀ ಕಾರ್ಡು ಬೆಂಚಿನ ಮೇಲೆ ತೆರೆದು ಬಿದ್ದಿರುತ್ತೆ ಬೇರೆ, ಮೇಲೆ ಒಂದು ಸ್ಕ್ರೂ ಬಿದ್ದರೂ ಕಥೆ ಮುಗಿಯಿತು. ನಾವು ಹಳೇ ಸ್ಟಾರ್ಟರ್ ಬಾಕ್ಸಿನ ತಗಡಿನಿಂದ ಒಂದು ಗೂಡು ಮಾಡಿಕೊಂಡೆವು. ನೋಡಲು ಚೆನ್ನಾಗಿಲ್ಲ.

ಈಗ ನನ್ನ ಬೇಡಿಕೆ. ನನ್ನ ಅಂಗಡಿಗೆ ಎಂಥ ಅಗ್ಗದ ಮೋಟಾರ್ ಬಂದರೂ ಮೈ ಮೇಲೆ ಒಂದು ನೇಮ್ ಪ್ಲೇಟ್ ಇರುತ್ತೆ. ಎಷ್ಟು ಎಚ್‌ಪಿ, ಎಷ್ಟು ವೋಲ್ಟ್, ಎಷ್ಟು ಆಂಪ್ಸ್, ಎಷ್ಟು ಸುತ್ತು, ಎಲ್ಲ ಕೆತ್ತಿರುತ್ತೆ. ಪಂಪ್‌ಸೆಟ್ ಕೊಳ್ಳುವ ರೈತ ಶಾಲೆಗೆ ಹೋಗದಿದ್ದರೂ ಅದನ್ನು ನೋಡಿಯೇ ಗಾಡಿಗೆ ಹಾಕೋದು. 60, 70 ಸಾವಿರದ ಲ್ಯಾಪ್‌ಟಾಪಿನ ಪಕ್ಕದಲ್ಲಿರುವ ಪೋರ್ಟಿಗೆ ಅಷ್ಟೂ ಇಲ್ಲ ಅಂದರೆ ಹೇಗೆ? ಬಾಕ್ಸಿನ ಮೇಲೆ ಪ್ರೊಸೆಸರ್ ಹೆಸರು ಅಂಗೈ ಅಗಲ ಇರುತ್ತೆ, ಪೋರ್ಟಿನ ವಿಷಯಕ್ಕೆ ಬಂದರೆ "ಟೈಪ್-ಸಿ" ಅಂತ ಒಂದು ಪದ. ಅದು ಎಷ್ಟು ವೇಗದ್ದು, ಚಾರ್ಜ್ ಆಗುತ್ತಾ, ಮಾನಿಟರ್ ನಡೆಯುತ್ತಾ, ಹೊರಗಿನ ಕಾರ್ಡು ಒಪ್ಪುತ್ತಾ, ಒಳಗಿನ ಎಂ.2 ಸ್ಲಾಟಿನಲ್ಲಿ ಎಷ್ಟು ಲೇನ್ ಇವೆ, ಇಷ್ಟನ್ನು ಬಾಕ್ಸಿನ ಮೇಲೆ ಅಚ್ಚು ಹಾಕಲಿ. ಕನ್ನಡದಲ್ಲೂ ಹಾಕಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಕೊಳ್ಳುವ ಸಾಮಾನಿನ ಗುಣಮಟ್ಟ, ಸಾಮರ್ಥ್ಯ ತಿಳಿದುಕೊಳ್ಳೋದು ನಮ್ಮ ಹಕ್ಕು ಅಂತಲೇ ಬರೆದಿದೆ. ಅಂಗಡಿಯವರೂ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಲಿ, ಅದರಲ್ಲಿ ಅವಮಾನ ಏನೂ ಇಲ್ಲ. ನಿಮ್ಮ ಪತ್ರಿಕೆಯೂ ಮುಂದಿನ ಸಲ ಲ್ಯಾಪ್‌ಟಾಪ್ ಬಗ್ಗೆ ಬರೆಯುವಾಗ ಬೆಲೆ, ಬಣ್ಣ, ತೂಕದ ಜೊತೆ ಪೋರ್ಟಿನ ಹಿಂದೆ ಏನಿದೆ ಅಂತ ಒಂದು ಸಾಲು ಹಾಕಿ.

ನನಗೆ ಇದು ಅವಸರದ ವಿಷಯ. ಮಗಳು ಪಿಯುಸಿ ಎರಡನೇ ವರ್ಷ ಮುಗಿಸುತ್ತಿದ್ದಾಳೆ, ಜೂನ್ ಹೊತ್ತಿಗೆ ಅವಳಿಗೊಂದು ಲ್ಯಾಪ್‌ಟಾಪ್ ಬೇಕು. ಅವಳು ಆಟ ಆಡಲ್ಲ, ವಿಡಿಯೊ ಎಡಿಟಿಂಗ್ ಅಂತಾಳೆ, ಅದಕ್ಕೂ ಮುಂದೆ ಕಾರ್ಡು ಬೇಕಾಗಬಹುದು ಅಂತ ಅಣ್ಣ ಈಗಲೇ ತಲೆಗೆ ತುಂಬಿದ್ದಾನೆ. ಈ ಸಲ ಮೀಟರ್ ಜೊತೆಗೆ ಇವನನ್ನೂ ಕರೆದುಕೊಂಡು ಹೋಗುತ್ತೇನೆ.

ಮೋಟಾರ್ ವೈಂಡಿಂಗ್ ಅಂಗಡಿಯವ,
ಗುಬ್ಬಿ ಗೇಟ್, ತುಮಕೂರು